ಪಾತಾಳಗರಡಿಗೆ ಸಿಕ್ಕ ಚಾವಿ

ಬಾಗಲಕೋಟಿ, ಸೋಮವಾರ ರಾತ್ರಿ

ದೋಸ್ತ,

ಬರೂ ತಿಂಗಳ ಹುಡುಗರನ್ನ ಕರಕೊಂಡು ಪಟ್ಟದಕಲ್ಲಿಗೆ ಹೋಗಾಕ ಒಲಿ ಹಾಸಿಗಿ ಇರೂ ನಮ್ಮ ಕ್ಯಾರವಾನ್ ಗಾಡಿ ಕೇಳಿದ್ದಿ. ಕೊಡ್ತೀನಿ. ಆದ್ರ ಮೊನ್ನಿ ಕತಿ ನಮ್ಮಾಕಿ ಆಗಲೇ ಅರ್ಧ ಊರಿಗೆ ಹೇಳ್ಯಾಳ. ಅಕಿ ಬಾಯಿಂದ ಕೇಳೂದಕ್ಕಿಂತ ನಾನ ಬರದ್ರ ಚಲೋ.

ಹ್ವಾದ ಐತವಾರ ಬಾದಾಮಿ ಬನಶಂಕರಿಗೆ ಹೋಗಿದ್ವಿ. ಗುಡಿ ಮುಂದಿನ ಹೊಂಡ ಹರಿದ್ರಾತೀರ್ಥದ ಆಚಿ ಬಯಲಾಗ ಗಾಡಿ ನಿಂದರಿಸಿ ಅಲ್ಲೇ ಮಲಗಿದ್ವಿ. ಮುಂಜಾನೆ ಅಕಿ ದರ್ಶನಕ್ಕ ಹೋದ್ಲು. ನಾ ಚಾಕ್ಕ ಇಟ್ಟಿದ್ದೆ. ಅಷ್ಟರಾಗ ಬುಟ್ಟಿ ಹೊತ್ತು ರೊಟ್ಟಿ ಮಾರೂ ಆಯಿ ಬಂದ್ಲು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕೆಂಪು ಚಟ್ನಿ, ಕುಡಿಕ್ಯಾಗ ಕೆನಿ ಮೊಸರು. ಬುದ್ಧಿ ಎಲ್ಲಿ ನೆಟ್ಟಗಿರತೈತಿ? ಹಂಗ ಕೆಳಗಿಳದೆ. ಗಾಳಿ ಬೀಸಿ ಬಾಗಿಲ ಧಪ್ ಅಂತು. ಹಾಕ್ಕೊಂಡ್ರ ತಾನ ಕೀಲಿ ಬೀಳೂ ಬಾಗಿಲ ಅದು. ಚಾವಿ ಗೊಂಚಲ ಒಲಿ ಬಾಜೂಕ, ಡ್ರೈವರ್ ಬಾಗಿಲದ ಚಾವಿನೂ ಅದರಾಗ. ಒಲಿ ಉರ್ಯಾಕತ್ತಿತ್ತು.

ಪುಣ್ಯಾಕ್ಕ ಸಿಲಿಂಡರ್ ಇಡೂ ಗೂಡಿನ ಬಾಗಿಲ ಹೊರಗಿಂದ. ಅಡಗಿ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರ ಕೆಳಗ ಹರದು ಹೋಗಲಿ ಅಂತ ಆ ಗೂಡಿನ ತಳಕ್ಕ ತೂತು ಇಟ್ಟಿರತಾರ. ನಮ್ಮದಕ್ಕ ಬರೇ ಚಿಲಕ. ರೆಗ್ಯುಲೇಟರ್ ತಿರುವಿ ಕಿಟಕ್ಯಾಗ ಇಣುಕಿದೆ, ಉರಿ ಸಣ್ಣಾಗಿ ಆರಿತು. ಆವಾಗ ನೋಡು ಕೈ ನಡಗಾಕ ಸುರು ಆದ್ವು. ನೀನೂ ಆ ಗೂಡಿಗೆ ಕೀಲಿ ಹಾಕಬ್ಯಾಡ.

ಆಮ್ಯಾಲೆ ಮಂದಿ ಕೂಡಿದ್ರು. ಒಬ್ಬಾಂವ ಸ್ಕೇಲ್ ತುರುಕು ಅಂದ, ಒಬ್ಬಾಂವ ಕಲ್ಲ ಎತಗೊಂಡು ಬಂದ. ಅದು ಗಾಜಲ್ಲಪಾ, ಎರಡು ಪದರ ಅಕ್ರಿಲಿಕ್, ಬಿರಕ ಬಿಟ್ರ ಕೀಲಿ ರೊಕ್ಕದಾಗ ಬರೂದಲ್ಲ ಅಂತ ಅವನ ಕೈ ಹಿಡದೆ. ಬಾದಾಮಿಯಿಂದ ಕೀಲಿ ಮಾಡಾಂವ ಬರಾಕ ಎರಡು ತಾಸು. ಎರಡನೇ ಚಾವಿ ಬಾಗಲಕೋಟ್ಯಾಗ, ತಿಜೋರ್ಯಾಗ, ಭಾಳ ಭದ್ರ!

ಒಲಿ ಮ್ಯಾಲೆ ಹಬಿ ಹೋಗಾಕ ಮಾಳಗಿಗೆ ಒಂದು ಕಿಂಡಿ ಐತಲ್ಲ, 40 ಸೆಂಟಿಮೀಟರ್ ಚೌಕ, ಅದು ಅರ್ಧ ಎತ್ತಿತ್ತು. ಆಯಿಯ ಮೊಮ್ಮಗನ್ನ ಅದರಾಗ ಇಳಸೂಣು ಅಂತ ಮಂದಿ ಅಂದ್ರು. ಕಾಯ್ದ ಒಲಿ ಮ್ಯಾಲೆ ಹುಡುಗನ್ನ ಇಳಸ್ತಾರೇನು? ಬ್ಯಾಡ ಅಂದೆ. ಆಯಿ ಎಲಿ ಅಡಕಿ ಜಗಕೋತ ಕೇಳಿದ್ಲು:

"ತಮ್ಮಾ, ಮ್ಯಾಲಿಂದ ಚಾವಿ ಕಾಣತೈತೇನು?"

"ಕಾಣತೈತಿ."

"ಬಾವ್ಯಾಗ ಕೊಡ ಬಿದ್ರ ಏನ್ ಮಾಡ್ತಿ?"

ಹುಡುಗ ಸೈಕಲ್ ಮ್ಯಾಲೆ ಚೊಳಚಗುಡ್ಡ ಊರಿಗೆ ಹೋಗಿ, ಹಗ್ಗ ಕಟ್ಟಿ ಬಾವಿಗೆ ಬಿಡೂ ಕೊಕ್ಕಿಗಳ ಪಾತಾಳಗರಡಿ ತಂದ. ಅದನ್ನ ನೋಡಿ ಎಷ್ಟು ವರ್ಷಾಗಿತ್ತೋ! ನಿಮ್ಮ ಹಿತ್ತಲ ಬಾವ್ಯಾಗ ನಿಮ್ಮವ್ವನ ತಾಮ್ರದ ಕೊಡ ಕೆಡವಿ ಇಬ್ರೂ ಹೊಡತ ತಿಂದಿದ್ವಲ್ಲ, ಅಂಥಾದ್ದ, ಅವ ಜಂಗ ಹಿಡದ ಕೊಕ್ಕಿ.

ಹಿಂದಿನ ನಿಚ್ಚಣಿಕಿ ಹತ್ತಿ ಮಾಳಗಿ ಮ್ಯಾಲೆ ಬೋರಲ ಮಲಗಿದೆ. (ನಡುವ ನಿಂದ್ರಬ್ಯಾಡ, ತಗಡು ಕುಸೀತೈತಿ.) ಸೊಳ್ಳಿ ಪರದೆ ಸರಿಸಿ ಹಗ್ಗ ಬಿಟ್ಟೆ. ಮೊದಲ ಸರ್ತಿ ಚಾ ಸೋಸೂ ಜರಡಿ ಬಂತು. ಕೆಳಗ ಚಪ್ಪಾಳಿ. ಎರಡನೇ ಸರ್ತಿ ಒಲಿ ಒರಸೂ ಅರಬಿ. ಅಷ್ಟರಾಗ ನಮ್ಮಾಕಿ ಕುಂಕುಮ ಹಚಗೊಂಡು ಬಂದು, ಏನೂ ಕೇಳಲಾರದ, ಆಯಿ ಬಾಜೂಕ ಕುಂತು ರೊಟ್ಟಿ ತಿನ್ನಾಕ ಸುರು ಮಾಡಿದ್ಲು. ಐದನೇದಕ್ಕ ಗೊಂಚಲ ಕೊಕ್ಕಿಗೆ ಬಿತ್ತು. ಅದೂ ಯಾಕ? ಅದಕ್ಕ ನಾ ಹಾಕಿದ ದೊಡ್ಡ ಹಿತ್ತಾಳಿ ಬಳಿಯಿಂದ. 'ಎತ್ತಿನ ಕೊರಳಿಗೆ ಕಟ್ಟಲೇ ಇದನ್ನ' ಅಂತ ನೀ ನಕ್ಕಿದ್ದಿಯಲ್ಲ, ಅದ ಬಳಿ.

ಈಗ ಎರಡನೇ ಚಾವಿ ನಮ್ಮಾಕಿ ಪರ್ಸಿನಾಗ ಐತಿ. ಗಾಡಿ ಒಯ್ಯಾಕ ಬಂದಾಗ ಅದನ್ನ ನಿನ್ನ ಕೈಯಾಗ ಕೊಡೂದಿಲ್ಲ, ವೈನಿ ಕೈಯಾಗ ಕೊಡ್ತೀವಿ. ಸಿಟ್ಟಾಗಬ್ಯಾಡ. ಇನ್ನ ಒಂದು ಕೆಲಸ. ಮ್ಯಾಲೆ ಎಳಿಯೂ ಮುಂದ ಕಿಂಡಿ ಅಂಚಿಗೆ ಸಿಕ್ಕು ಆಯಿ ಗರಡಿದು ಒಂದು ಕೊಕ್ಕಿ ಸೊಟ್ಟಾತು. ರೊಕ್ಕ ಕೊಟ್ರ ಒಲ್ಲೆ ಅಂದ್ಲು. ವಿಜಾಪುರ ಬಜಾರದಾಗ ಹೊಸಾದು ಸಿಗತೈತೇನು ನೋಡು, ಪಟ್ಟದಕಲ್ಲಿಗೆ ಹೋಗೂ ಮುಂದ ಬನಶಂಕರಿಗೆ ಹೊಳ್ಳಿ ಅಕಿಗೆ ಮುಟ್ಟಿಸು.

ನಿನ್ನ,
ಬೆಂಚಿನ ದೋಸ್ತ