ಹಲಗೆಗೆ ನೀರು ತಾಗದು, ಅದರ ಬೆನ್ನಿಗೆ ತಾಗುತ್ತದೆ

ಮಾನ್ಯರೇ,

ಹಳೆಯ ಬಚ್ಚಲಿನ ಗೋಡೆಗೆ ಪಿವಿಸಿ (ಪ್ಲಾಸ್ಟಿಕ್) ಹಲಗೆ ಹೊದೆಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಮನೆಯ ಮಟ್ಟಿಗೆ ಸರಿಯಾಗಿಯೇ ಇದೆ. ಇಟ್ಟಿಗೆ ಗೋಡೆ ಅಲುಗಾಡುವುದಿಲ್ಲ. ಹಲಗೆಯ ಹಿಂದೆ ನಾಲ್ಕು ಹನಿ ನೀರು ಹೋದರೂ ಸಿಮೆಂಟು ಕುಡಿದು ಸುಮ್ಮನಿರುತ್ತದೆ. ಆದರೆ ಕೊನೆಗೆ ‘ಹೌಸ್‌ಬೋಟಿಗೂ ಇದೇ ವಿಧಾನ’ ಎಂದು ಒಂದು ಸಾಲು ಸೇರಿಸಿದ್ದೀರಿ. ಅದನ್ನು ನಂಬಿ ಕೆಲಸ ಮಾಡಿಸಿದವರ ಗೋಡೆ ಎರಡನೇ ಮಳೆಗಾಲಕ್ಕೆ ಮೆತ್ತಗಾಗುತ್ತದೆ. ನೀಲೇಶ್ವರದಿಂದ ವಲಿಯಪರಂಬ ಹಿನ್ನೀರಿಗೆ ಹೋಗುವ ಬೋಟಿರಲಿ, ಉಡುಪಿಯ ಕೋಡಿಬೆಂಗ್ರೆ ಕಡೆ ಓಡುವ ಬೋಟಿರಲಿ, ಬಚ್ಚಲು ಹಾಳಾಗುವ ಬಗೆ ಒಂದೇ. ಮುಂದಿನ ಹೊದಿಕೆ ಹೊಸದರಂತೆ ಹೊಳೆಯುತ್ತಿರುತ್ತದೆ, ಹಿಂದಿನ ಪ್ಲೈವುಡ್ ನೆನೆದ ಹಪ್ಪಳದಂತೆ ಪದರ ಬಿಟ್ಟಿರುತ್ತದೆ.

ಬೋಟಿಗೆ ಹಲಗೆಯೇ ಬೇಡ ಎನ್ನುತ್ತಿಲ್ಲ. ಟೈಲ್ಸಿಗಿಂತ ಅದೇ ಮೇಲು. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಲ್ಲಿ ಹೊಲಿದು ಕಟ್ಟಿದ ದೋಣಿ ಎಂಜಿನ್ ಹಾಕಿದಾಗಲೆಲ್ಲ ಅದುರುತ್ತದೆ, ದಡಕ್ಕೆ ತಾಗಿದಾಗ ಚೂರು ತಿರುಚಿಕೊಳ್ಳುತ್ತದೆ. ಟೈಲ್ಸಿನ ಸಂದಿಗೆ ತುಂಬಿದ ಸಿಮೆಂಟು ಆ ಅದುರಿಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತೂಕದ ಲೆಕ್ಕವೂ ಇದೆ. 5 ಅಡಿ ಉದ್ದ, 3.5 ಅಡಿ ಅಗಲ, 6.5 ಅಡಿ ಎತ್ತರದ ಬಚ್ಚಲಿಗೆ ಬಾಗಿಲು ಕಳೆದು ಸುಮಾರು 9 ಚದರ ಮೀಟರ್ ಗೋಡೆ ಬರುತ್ತದೆ. ಟೈಲ್ಸ್, ಅಂಟು, ಹಿಂದಿನ ಸಿಮೆಂಟ್ ಬೋರ್ಡ್ ಸೇರಿ ಚದರ ಮೀಟರಿಗೆ 30 ಕೆ.ಜಿ. ಹಿಡಿದರೆ ಒಂದೇ ಬಚ್ಚಲಿಗೆ 270 ಕೆ.ಜಿ. ಟೊಳ್ಳು ಪಿವಿಸಿ ಪಟ್ಟಿಯಾದರೆ 30 ಕೆ.ಜಿ. ಆಸುಪಾಸು. ಮೂರು ಕೋಣೆಯ ಬೋಟಿನಲ್ಲಿ ಬಚ್ಚಲುಗಳೆಲ್ಲ ಒಂದೇ ಮಗ್ಗುಲಿಗೆ ಇದ್ದರೆ ಟೈಲ್ಸಿನ ಭಾರಕ್ಕೇ ಬೋಟು ವಾಲಿ ನಿಲ್ಲುತ್ತದೆ.

ಮೊದಲ ತಪ್ಪು ಆಗುವುದು ಕ್ಯಾಲೆಂಡರಿನಲ್ಲಿ. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ ಎಂದು ಮಾಲೀಕರು ಜೂನ್, ಜುಲೈಯಲ್ಲಿ ಬಚ್ಚಲು ಬಿಚ್ಚಿಸುತ್ತಾರೆ. ಆ ತಿಂಗಳುಗಳಲ್ಲಿ ಕರಾವಳಿಯ ಮರ ಒಣಗುವ ಮಾತೇ ಇಲ್ಲ. ಒದ್ದೆ ಪ್ಲೈ ಮೇಲೆ ಉಸಿರಾಡದ ಹಲಗೆ ಅಂಟಿಸಿದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದಂತೆ. ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ, ಮಕ್ಕಳ ಪರೀಕ್ಷೆಯಿಂದಾಗಿ ಬುಕಿಂಗ್ ತಣ್ಣಗಿರುವಾಗ, ಒಂದೊಂದೇ ಬಚ್ಚಲು ಹಿಡಿಯಬೇಕು. ಬಿಚ್ಚಿದ ಮೇಲೆ ಬಾಗಿಲು ಕಿಟಕಿ ತೆರೆದು, ಫ್ಯಾನ್ ಇಟ್ಟು, ಹತ್ತು ದಿನವಾದರೂ ಬಿಡಬೇಕು. ತೇವ ಅಳೆಯುವ ಮುಳ್ಳಿನ ಮೀಟರ್ ಇದ್ದರೆ ಶೇ 16ರ ಕೆಳಗೆ ಬಂದ ಮೇಲೆ ಮುಂದುವರಿಯಿರಿ.

ಬಿಚ್ಚಿದ ಗೋಡೆಯನ್ನು ಕಣ್ಣಿಂದ ನೋಡಿದರೆ ಸಾಲದು. ನೆಲದಿಂದ ಒಂದಡಿ ಎತ್ತರದವರೆಗೆ ಸ್ಕ್ರೂಡ್ರೈವರಿನ ಮೊನೆಯನ್ನು ಗೇಣಿಗೊಂದು ಕಡೆ ಒತ್ತುತ್ತಾ ಹೋಗಿ. ಮೊನೆ ಇಳಿದ ಕಡೆಯಿಂದ ಆಚೆಗೆ ಇನ್ನೂ ಆರು ಇಂಚು ಬಿಟ್ಟು ಕತ್ತರಿಸಿ ತೆಗೆಯಿರಿ. ಬದಲಿಗೆ 12 ಮಿ.ಮೀ. ಮೆರೈನ್ ಪ್ಲೈ ಹಾಕಬೇಕು. ಅದರ ಮೇಲೆ ಐಎಸ್ 710 ಎಂಬ ಮುದ್ರೆ ಇರುತ್ತದೆ. ಐಎಸ್ 303 ಮುದ್ರೆಯದು ಅಲಮಾರಿಗೆ, ಬೋಟಿಗಲ್ಲ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಎರಡನ್ನೂ ಮಾರುತ್ತಾರೆ. ಎಷ್ಟು ಒಳ್ಳೆಯ ಪ್ಲೈ ಆದರೂ ನೀರು ಕುಡಿಯುವುದು ಅದರ ಕತ್ತರಿಸಿದ ಅಂಚು. ಅಂಚಿಗೆ ಎಪಾಕ್ಸಿ (ಗಟ್ಟಿಯಾದ ಮೇಲೆ ನೀರು ಬಿಡದ ರಾಳದ ಲೇಪ) ಎರಡು ಸಲ, ಮುಖಕ್ಕೂ ಎರಡು ಸಲ ಬಳಿಯಬೇಕು. ಇಷ್ಟು ಗೋಡೆಗೆ 3 ಕೆ.ಜಿ. ಸಾಕು.

ಎಸಿ ಕೋಣೆಯ ಕಡೆಗಿನ ಗೋಡೆಯನ್ನು ಯಾರೂ ಬೇರೆಯಾಗಿ ನೋಡುವುದಿಲ್ಲ, ಅತಿ ಹೆಚ್ಚು ಕೊಳೆಯುವುದು ಮಾತ್ರ ಅದೇ. ಆ ಬದಿಯ ಪ್ಲೈ ರಾತ್ರಿಯಿಡೀ 20–22 ಡಿಗ್ರಿಯಲ್ಲಿ ತಣ್ಣಗಿರುತ್ತದೆ. ಈ ಬದಿಯಿಂದ ಬಿಸಿನೀರಿನ ಹಬೆ. ರೀಪು (ತೆಳು ಪಟ್ಟಿ) ಹೊಡೆದು ಅದರ ಮೇಲೆ ಹಲಗೆ ಕೂರಿಸಿದ್ದರೆ ನಡುವಿನ ಸಂದಿಗೆ ನುಗ್ಗಿದ ಹಬೆ ತಣ್ಣನೆಯ ಪ್ಲೈಗೆ ತಾಗಿ, ಐಸ್‌ನೀರಿನ ಲೋಟದ ಹೊರಮೈ ಬೆವರುವಂತೆ, ಹನಿಯಾಗಿ ಇಳಿಯುತ್ತದೆ. ಎಲ್ಲೂ ಸೋರಿಕೆಯಿಲ್ಲ, ಆದರೂ ಗೋಡೆ ಒದ್ದೆ! ಪ್ಲಂಬರನ್ನು ನಾಲ್ಕು ಸಲ ಕರೆಸಿದರೂ ಸಿಗದ ‘ಲೀಕ್’ ಬಹುಪಾಲು ಇದೇ. ಆದ್ದರಿಂದ ಎಸಿ ಬದಿಯಲ್ಲಿ ರೀಪು ಬೇಡ, ಎಪಾಕ್ಸಿ ಬಳಿದ ಪ್ಲೈಗೆ ಹಲಗೆಯನ್ನು ನೇರವಾಗಿ ಅಂಟಿಸಿ. ಹೊರಗೋಡೆಯ ಕಡೆ ಇದಕ್ಕೆ ತದ್ವಿರುದ್ಧ. ಅಲ್ಲಿ ಬಿದಿರ ತಟ್ಟಿಯ ಮೂಲಕ ಮಳೆ ಒಳಬರುತ್ತದೆ, ಗಾಳಿ ಆಡಲೇಬೇಕು. 12 ಮಿ.ಮೀ. ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ರೀಪುಗಳನ್ನು 40 ಸೆಂ.ಮೀ.ಗೊಂದರಂತೆ ಅಡ್ಡಲಾಗಿ ಹೊಡೆದು, ಎರಡೂ ತುದಿಗೆ ಒಂದೊಂದು ಇಂಚು ಖಾಲಿ ಬಿಡಿ. ಮರದ ರೀಪು ಮಾತ್ರ ಬೇಡವೇ ಬೇಡ.

ನೆಲ ಮೊದಲು, ಗೋಡೆ ಆಮೇಲೆ. ಫೈಬರ್ ನೆಲವನ್ನು ಗೋಡೆಯ ಮೇಲೆ ನಾಲ್ಕು ಇಂಚು ಹತ್ತಿಸಿ ತಟ್ಟೆಯಂತೆ ಮಾಡಬೇಕು. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಎರಡು ಪದರಕ್ಕೆ ಸುಮಾರು 2 ಕೆ.ಜಿ. ಬೇಕು, ಅದಕ್ಕೆ ಬಳಿಯುವ ರೆಸಿನ್ (ರಾಳ) 5 ಕೆ.ಜಿ. ನೆಲ–ಗೋಡೆ ಸೇರುವ ಮೂಲೆಗೆ ಮೊದಲೇ ಪುಟ್ಟಿ ತುಂಬಿ ಬೆರಳಿನಿಂದ ದುಂಡಗೆ ಎಳೆದುಕೊಳ್ಳಿ. ನೇರ ಮೂಲೆಗೆ ಮ್ಯಾಟ್ ಕೂರುವುದಿಲ್ಲ, ಹಿಂದೆ ಗಾಳಿ ಉಳಿದು, ಕಾಲಿಟ್ಟಾಗ ಬಿರಿಯುತ್ತದೆ. (ರೆಸಿನ್ ಗಟ್ಟಿ ಮಾಡುವ ಹಾರ್ಡನರ್ ಮತ್ತು ಅದನ್ನು ಚುರುಕುಗೊಳಿಸುವ ಕೋಬಾಲ್ಟನ್ನು ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟ್ ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡನರ್.)

ನೆಲದ ಇಳಿಜಾರಿಗೆ ಮೇಸ್ತ್ರಿಗಳು ರಸಮಟ್ಟ ತೆಗೆಯುತ್ತಾರೆ. ತೇಲುವ ಬೋಟಿನಲ್ಲಿ ರಸಮಟ್ಟದ ಗುಳ್ಳೆ ಒಬ್ಬರು ಆಚೆ ಬದಿಗೆ ನಡೆದರೂ ಓಡುತ್ತದೆ. ದಡಕ್ಕೆ ಎಳೆದಿಟ್ಟಾಗ ಸಿಕ್ಕ ಮಟ್ಟ ನೀರಿಗಿಳಿದ ಮೇಲೆ ಸುಳ್ಳಾಗುತ್ತದೆ. ಬೋಟು ನೀರಿನಲ್ಲಿದ್ದು, ಡೀಸೆಲ್ ಮತ್ತು ನೀರಿನ ಟ್ಯಾಂಕ್ ತುಂಬಿರುವಾಗ ಅರ್ಧ ಬಕೆಟ್ ನೀರು ನೆಲಕ್ಕೆ ಸುರಿದು ನೋಡಿ. ಅದು ಹೋಗಿ ನಿಲ್ಲುವ ಮೂಲೆಯೇ ನಿಮ್ಮ ಮೋರಿ. ಟ್ಯಾಂಕ್ ಖಾಲಿಯಾದಾಗ ಬೋಟಿನ ಹಿಂಭಾಗ ಏಳುವುದರಿಂದ ಎದುರು ಮೂಲೆಗೂ ಒಂದು ಸಣ್ಣ ಮೋರಿ ಇಟ್ಟರೆ ನೀರು ನಿಂತು ವಾಸನೆ ಬರುವುದಿಲ್ಲ. ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಲು ತೂಗುಗುಂಡನ್ನೂ ನಂಬಬೇಡಿ. ಬಾಗಿಲ ಚೌಕಟ್ಟಿಗೆ ಅಳೆದು ನಿಲ್ಲಿಸಿ, ಕಣ್ಣಿಗೆ ಅದೇ ನೇರ.

ಇನ್ನು ಹಲಗೆ. 10 ಅಡಿ ಉದ್ದ, 10 ಇಂಚು ಅಗಲದ ಟೊಳ್ಳು ಪಟ್ಟಿಯಾದರೆ ಬಾಗಿಲು ಕಳೆದು 18 ಬೇಕು, ಮೂಲೆಗಳಲ್ಲಿ ಹಾಳಾಗುವುದಕ್ಕೆಂದು 20 ತನ್ನಿ. ಗೋಡೆಗೆ ಆರೂವರೆ ಅಡಿ ಕೊಯ್ದ ಮೇಲೆ ಉಳಿಯುವ ಮೂರೂವರೆ ಅಡಿ ತುಂಡು ಎಸೆಯುವುದಲ್ಲ, 3.5 ಅಡಿ ಅಗಲದ ಮಾಡಿನ ಒಳಮೈಗೆ ಅಂಥ ಆರು ತುಂಡು ಸರಿಯಾಗಿ ಕೂರುತ್ತದೆ. ಮಾರ್ಬಲ್ಲಿನಂತೆ ಕಾಣುವ ದೊಡ್ಡ ಪಿವಿಸಿ ಶೀಟ್ ಆದರೆ, 8 x 4 ಅಡಿಯವು ನಾಲ್ಕು ಸಾಕು. ಉದ್ದದ ಎರಡು ಗೋಡೆಗಳಲ್ಲಿ ಒಂದೊಂದು ಜೋಡಣೆ ಬರುತ್ತದೆ, ಅದು ಷವರ್ ಕಡೆಗಲ್ಲ, ಬಾಗಿಲ ಕಡೆಗೆ ಇರಲಿ. ನಮ್ಮ ಓಟು ಶೀಟಿಗೆ. ತುಸು ಭಾರವಾದರೂ ಸಂದಿ ಕಡಿಮೆ.

ಯಾವುದೇ ಆಗಲಿ, ಪಿವಿಸಿ ಬಿಸಿಗೆ ಬೆಳೆಯುತ್ತದೆ. ಎರಡು ಮೀಟರ್ ಪಟ್ಟಿ 20 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ಮಿ.ಮೀ. ಉದ್ದವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಟ್ಟಿಹಾಕಿದ ಬೋಟಿನೊಳಗೆ ಆ ವ್ಯತ್ಯಾಸ ದಿನಾ ಆಗುವಂಥದ್ದು. ಮೇಲೆ 5 ಮಿ.ಮೀ. ಜಾಗ ಬಿಟ್ಟರೆ ಬೀಡಿಂಗ್ (ಅಂಚುಪಟ್ಟಿ) ಅದನ್ನು ಮುಚ್ಚುತ್ತದೆ. ಬಿಡದಿದ್ದರೆ ಪಟ್ಟಿ ನಡುವೆ ಹೊಟ್ಟೆ ಬಿಡುತ್ತದೆ. ಡಬ್ಬಿಯ ರಬ್ಬರ್ ಅಂಟು ಬೇಡ. ಎಪಾಕ್ಸಿಗೂ ಹಲಗೆಗೂ ನಡುವೆ ಸಿಕ್ಕ ಅದರ ಥಿನ್ನರ್ ಹೊರಹೋಗಲು ದಾರಿಯಿಲ್ಲದೆ ಗುಳ್ಳೆ ಎಬ್ಬಿಸುತ್ತದೆ. ಒಣಗಿದ ಮೇಲೂ ಬಾಗುವ ಪಿಯು (ಪಾಲಿಯುರೆಥೇನ್) ಅಥವಾ ಎಂಎಸ್ ಪಾಲಿಮರ್ ಅಂಟನ್ನು ಅಡಿಗೊಂದು ಗೆರೆಯಂತೆ ನೆಟ್ಟಗೆ ಎಳೆಯಿರಿ. 300 ಮಿ.ಲೀ. ಟ್ಯೂಬ್ ಮೂರು ಬೇಕು. ಸಿಲಿಕೋನ್ ಎರಡು ಟ್ಯೂಬ್, ಅದೂ ವಿನೆಗರ್ ವಾಸನೆ ಬಾರದ ‘ನ್ಯೂಟ್ರಲ್’ ಎಂದು ಬರೆದಿರುವಂಥದ್ದು.

ಕೆಳಗಿನ ಅಂಚಿನ ವಿಷಯದಲ್ಲಿ ನಿಮ್ಮ ಬರಹಕ್ಕೂ ನಮಗೂ ಪೂರಾ ಭಿನ್ನಾಭಿಪ್ರಾಯ. ‘ಕೆಳಗೆ ಎಂಡ್ ಕ್ಯಾಪ್ ಹಾಕಿ ಸಿಲಿಕೋನ್‌ನಿಂದ ಪೂರ್ತಿ ಮುಚ್ಚಿ’ ಎಂದಿದೆ. ಬೋಟಿನಲ್ಲಿ ಇದೇ ಕೊಳೆಯುವಿಕೆಯ ಮೂಲ. ಹಲಗೆ ಫೈಬರ್ ತಟ್ಟೆಯ ಏರು ಅಂಚಿನ ಮುಂದೆ ಸುಮಾರು ಮೂರೂವರೆ ಇಂಚು ಇಳಿದು, ನೆಲದಿಂದ 10 ಮಿ.ಮೀ. ಮೇಲೆ ನಿಲ್ಲಬೇಕು. ಸಿಲಿಕೋನ್ ಹಲಗೆಯ ಹಿಂದೆ, ತಟ್ಟೆಯ ಅಂಚಿನ ತುದಿ ಪ್ಲೈಗೆ ಸೇರುವ ಕಡೆ ಉದ್ದಕ್ಕೂ ಇರಲಿ. ಮುಂದಿನ ಕೆಳ ಅಂಚು ತೆರೆದೇ ಇರಲಿ. ಅದುರುವ ಬೋಟಿನಲ್ಲಿ ಎಲ್ಲೋ ಒಂದು ಸಂದಿಯಿಂದ ನೀರು ಒಳಹೋಗುವುದು ಖಂಡಿತ. ಹೋದ ನೀರು ಕೆಳಗಿಳಿದು ತಟ್ಟೆಗೇ ಬೀಳಬೇಕು. ಅಂಚು ಮುಚ್ಚಿದರೆ ಟೊಳ್ಳು ಪಟ್ಟಿಯ ಹೊಟ್ಟೆಯೊಳಗೆ ನಿಂತು ನಾರುತ್ತದೆ. ಕ್ಯಾಪ್ ಹಾಕಲೇಬೇಕೆಂದಿದ್ದರೆ ಅದಕ್ಕೆ ಗೇಣಿಗೊಂದು 4 ಮಿ.ಮೀ. ತೂತು ಕೊರೆಯಿರಿ.

ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್) ಪೈಪಿಗೆ 25 ಮಿ.ಮೀ. ತೂತು ಬೇಕು. ಬಿಗಿಯಾಗಿ ಕೊರೆದರೆ ಎಂಜಿನ್ ಅದುರಿಗೆ ಪೈಪು ಹಲಗೆಯನ್ನು ಉಜ್ಜಿ ಸೀಳುತ್ತದೆ. ವಾಶ್‌ಬೇಸಿನ್, ಟವೆಲ್ ರಾಡ್ ಬರುವ ಕಡೆ ಹಲಗೆಯ ಹಿಂದೆ 18 ಮಿ.ಮೀ. ಪ್ಲೈ ತುಂಡು ಮೊದಲೇ ಕೂರಿಸಿ, ಅಳತೆಯ ಟೇಪು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಜಿಪ್ಸಮ್ ಕೆಲಸದ ಕಪ್ಪು ಸ್ಕ್ರೂ ಉಪ್ಪುನೀರಿನ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಸುರಿಸುತ್ತದೆ.

ಗ್ಯಾಸ್ ಗೀಸರ್ ಇರುವ ಬಚ್ಚಲಿಗೆ ಈ ಹೊದಿಕೆ ಹಾಕುವ ಮುನ್ನ ಗೀಸರನ್ನು ಹೊರಗಿಡಿ. ಹಳೆಯ ತಟ್ಟಿ ಗೋಡೆಯ ಬಿರುಕುಗಳಿಂದ ಬರುತ್ತಿದ್ದ ಗಾಳಿ ಹಲಗೆ ಹಾಕಿದ ಮೇಲೆ ಬರುವುದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಕುಸಿದು ಬಿದ್ದ ಮೇಲೆಯೇ ಗೊತ್ತಾಗುವುದು. ಅಡುಗೆಮನೆಗೆ ತಾಗಿದ ಗೋಡೆಗೆ ಒಲೆಯ ಬದಿಯಿಂದ 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಹೊಡೆಯಿರಿ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಇಕ್ಕಟ್ಟಾದ ಬೋಟಿನಲ್ಲಿ ಅದನ್ನು ತಪ್ಪಿಸಿಕೊಳ್ಳಲು ಜಾಗವೆಲ್ಲಿದೆ?

ಕೆಲಸ ಮುಗಿಸುವಾಗ ಮಲಗುವ ಕೋಣೆಯ ಬದಿಯಿಂದ, ಷವರಿನ ಹಿಂದೆ ನೆಲದ ಮಟ್ಟದಲ್ಲಿ, ಆರಿಂಚು ಚೌಕದ ಕಿಂಡಿ ಕೊಯ್ದು ನಾಲ್ಕು ಸ್ಕ್ರೂಗಳ ಮುಚ್ಚಳ ಹಾಕಿಸಿ. ಮಂಚದ ಹಿಂದೆ ಇರುವುದರಿಂದ ಅತಿಥಿಗಳಿಗೆ ಕಾಣುವುದಿಲ್ಲ. ದೀಪಾವಳಿ ಹೊತ್ತಿಗೆ, ಮಳೆ ನಿಂತು ಬುಕಿಂಗ್ ಏರುವ ಮೊದಲು, ಅದನ್ನು ಬಿಚ್ಚಿ ಕೈ ಒಳಗಿಟ್ಟು ಪ್ಲೈ ಮುಟ್ಟಿ ನೋಡಿ, ಮೂಸಿಯೂ ನೋಡಿ. ಅಣಬೆಯ ವಾಸನೆ ಬಂದರೆ ಷವರ್ ಬದಿಯ ಕೆಳಗಿನ ಒಂದಡಿ ಬಿಚ್ಚಿದರೆ ಮುಗಿಯುತ್ತದೆ.

– ಹೌಸ್‌ಬೋಟ್ ಒಳಗೆಲಸದವರು, ನೀಲೇಶ್ವರ, ಕಾಸರಗೋಡು ಜಿಲ್ಲೆ