ನಿನ್ನ ಛತ್ರಿ ಮತ್ತು ಅವನ ಗೂಬೆ

ಪ್ರೀತಿಯ ತಮ್ಮಾ,

ಹಿಚ್‌ಕಾಕ್ ನಿರ್ದೇಶಿಸಿದ ‘ಸೈಕೋ’ ಸಿನಿಮಾ ಎರಡನೇ ಸಲ ನೋಡಿ ಮತ್ತೆ ನಿದ್ದೆಗೆಟ್ಟೆ ಅಂತ ಬರೆದಿದ್ದೀಯ. ಮೊದಲ ಸಲ ಹೆದರಿಕೆಗೆ, ಈ ಸಲ ಖುಷಿಗೆ. ಜೊತೆಗೆ ಅದರಲ್ಲಿ ಕಂಡ ಸಂಕೇತಗಳ ಎರಡು ಪುಟ ಪಟ್ಟಿ ಬೇರೆ!

ಹಣ ಕದಿಯುವ ಮುಂಚೆ ನಾಯಕಿ ಮೇರಿಯನ್ ತೊಟ್ಟ ಒಳಉಡುಪು ಬಿಳಿ, 40,000 ಡಾಲರ್ ಮನೆಗೆ ತಂದ ಮೇಲೆ ಕಪ್ಪು. ಸರಿಯಾಗಿಯೇ ಹಿಡಿದಿದ್ದೀಯ. ಆದರೆ ಅವಳ ಮನೆತನದ ಹೆಸರು ಕ್ರೇನ್, ಅಂದರೆ ಕೊಕ್ಕರೆ, ಅದೂ ಹಿಚ್‌ಕಾಕ್‌ನ ಜಾಣತನ ಅಂದಿದ್ದೀಯಲ್ಲ, ಅಲ್ಲಿ ಎಡವಿದೆ. 1959ರ ಮೂಲ ಕಾದಂಬರಿಯಲ್ಲೇ ಆ ಹೆಸರಿತ್ತು. ಹುಡುಕಲು ಕೂತರೆ ಎಲ್ಲಾ ಕಡೆ ಹಕ್ಕಿಯೇ ಕಾಣುತ್ತದೆ, ಅಲ್ವಾ?

ಹಣ ಕದ್ದು ಓಡಿದವಳು ರಾತ್ರಿ ತಂಗುವ ಮೋಟೆಲ್‌ನ ಆಫೀಸಿನ ಹಿಂದಿನ ಆ ಕೋಣೆಗೆ ಬಾ. ಮೇರಿಯನ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಳೆ. ಮೋಟೆಲ್ ನಡೆಸುವ ನಾರ್ಮನ್ ತಲೆಯ ಮೇಲ್ಗಡೆ ರೆಕ್ಕೆ ಬಿಚ್ಚಿದ ಗೂಬೆ. ಸತ್ತ ಹಕ್ಕಿಗಳ ಒಳಗೆ ಮರದ ಪುಡಿ ತುಂಬಿ, ಜೀವ ಇದ್ದ ಹಾಗೆ ನಿಲ್ಲಿಸುವುದು ತನ್ನ ಹವ್ಯಾಸ ಅಂತ ಅವನೇ ಹೇಳುತ್ತಾನೆ. ಮೊದಲ ಸಲ ನೋಡುವಾಗ, ಪಾಪ, ಒಂಟಿ ಹುಡುಗ ಅಂದುಕೊಳ್ಳುತ್ತೇವೆ. ಎರಡನೇ ಸಲ ಬೆನ್ನು ತಣ್ಣಗಾಗುತ್ತದೆ. ಮೇಲಿನ ಮನೆಯಲ್ಲಿ ಅವನ ತಾಯಿಯ ಹೆಣವೂ ಹೀಗೇ ಕೂತಿದೆ! ಗುಟ್ಟನ್ನು ಅವನು ಆಗಲೇ ಬಾಯಿಬಿಟ್ಟಿದ್ದ, ನಾವೇ ಕಿವಿ ಕೊಡಲಿಲ್ಲ.

ಅದೇ ಕೋಣೆಯ ಗೋಡೆಯ ಪಟವನ್ನೂ ನೋಡು. ಅದನ್ನು ತೆಗೆದು, ಹಿಂದಿನ ತೂತಿನಿಂದ ಅವಳು ಬಟ್ಟೆ ಬಿಚ್ಚುವುದನ್ನು ಇಣುಕುತ್ತಾನೆ. ಪಟದಲ್ಲಿರುವುದು ಸ್ನಾನಕ್ಕಿಳಿದ ಹೆಂಗಸನ್ನು ಕದ್ದು ನೋಡಿದ ಮುದುಕರ ಹಳೆಯ ಕಥೆ. ಆ ಕಥೆ ಗೊತ್ತಿಲ್ಲದಿದ್ದರೂ ದೃಶ್ಯ ಎಲ್ಲೂ ತೊಡರುವುದಿಲ್ಲ. ಪಟಕ್ಕೆ ತೂತು ಮುಚ್ಚುವ ಕೆಲಸವಂತೂ ಇದೆ.

ನಿನ್ನ ವಯಸ್ಸಿನಲ್ಲಿ ನಾನೂ ಒಂದು ದೆವ್ವದ ಕಥೆಗೆ ಒಡೆದ ಕನ್ನಡಿ ತಂದಿಟ್ಟಿದ್ದೆ. ಭಾರೀ ಅರ್ಥ ಇದೆ ಅಂತ ನನ್ನ ನಂಬಿಕೆ. ಸಂಪಾದಕರೊಬ್ಬರು ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಚಿ ವಾಪಸ್ ಕಳಿಸಿದರು: ‘ಇದರಲ್ಲಿ ಯಾರು ಮುಖ ನೋಡಿಕೊಳ್ಳುತ್ತಾರೆ?’ ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಕನ್ನಡಿ ಸುಮ್ನೆ ಮೊಳೆಗೆ ನೇತಾಡುತ್ತಿತ್ತು. ಒಂದು ವಾರ ಸಿಟ್ಟು ಇಳಿಯಲಿಲ್ಲ ನನಗೆ.

ನೀನು ಬರೆದು ಕಳಿಸಿದ ಕಥೆಯ ಕೆಂಪು ಛತ್ರಿಗೂ ಅದೇ ಗತಿ. ನಾಲ್ಕು ಸಲ ಬರುತ್ತದೆ, ಒಂದು ಸಲವೂ ಮಳೆ ಬರುವುದಿಲ್ಲ. ಅದನ್ನು ಯಾರಾದರೂ ನಿನ್ನ ಕಥೆಯ ಮನೆಯಲ್ಲಿ ಮರೆತು ಹೋಗಲಿ. ವಾಪಸ್ ಕೇಳಲು ರಾತ್ರಿ ಬಾಗಿಲು ತಟ್ಟಲಿ. ಕೆಂಪು ಬಣ್ಣವನ್ನು ಸದ್ಯಕ್ಕೆ ಮರೆತುಬಿಡು.

ಆ ಭಾಗ ತಿದ್ದಿ ಕಳಿಸು. ಈ ಸಲ ಪಟ್ಟಿ ಬೇಡ ಮಾರಾಯ.

ನಿನ್ನ
ಅಣ್ಣ