ಕಳಸ ಹಿಡಿಯಲು ಹೆದರಿದ ಪುಟ್ಟಿಗೆ

ಚಿ.ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಛತ್ರ, ಅಡುಗೆಯವರು, ಸೀರೆ, ಅದೆಲ್ಲ ನಿಮ್ಮಮ್ಮ ಫೋನಲ್ಲೇ ಹೇಳಿದ್ದಾಳೆ. ಹೋದ ವರ್ಷದ ವಿಷಯವನ್ನೂ ಇಲ್ಲಿ ಎತ್ತುವುದಿಲ್ಲ. ಆದರೆ ಕೊನೆಗೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, “ನಾನು ಕಳಸ ಹಿಡಿದು ನಿಂತು, ಅವಳಿಗೂ ನನ್ನ ಹಾಗೇ ಆದರೆ?” ಅಂತ. ಅದನ್ನು ಓದಿದ ಮೇಲೆ ಕೆಲಸಕ್ಕೆ ಕೈ ಓಡಲಿಲ್ಲ.

ನಾದಿನಿ ಮದುವೆಗೆ ನೀನೇ ಕಳಸಗಿತ್ತಿ ಅಂತ ನಿಮ್ಮತ್ತೆ ಬಾಯಿಬಿಟ್ಟು ಹೇಳಿದ್ದಾರೆ. ಮಕ್ಕಳೊಂದಿಗಳು ಆಗಿದ್ದರೆ ಚೆನ್ನಾಗಿತ್ತು ಅಂದದ್ದು ಯಾರೋ ದೂರದ ನೆಂಟರು. ನಮ್ಮ ಕಡೆ ಎಷ್ಟೋ ಮದುವೆಯಲ್ಲಿ ಲಂಗ ಹಾಕಿದ ಪುಟ್ಟ ಹುಡುಗಿಯ ಕೈಗೇ ಕಳಸ ಕೊಟ್ಟು ನಿಲ್ಲಿಸುತ್ತಾರೆ. ಹೆತ್ತವಳೇ ಹಿಡಿಯಬೇಕು ಅನ್ನುವುದಾದರೆ ಆ ಹುಡುಗಿ ಹೇಗೆ ಹಿಡಿಯುತ್ತಾಳೆ, ಹೇಳು. ಒಂದೊಂದು ಮನೆಯಲ್ಲಿ ಒಂದೊಂದು ತರ, ಅಷ್ಟೇ.

ಕೈ ಸೋಕಿದರೆ ಕೆಡುಕು ಅನ್ನುವ ಮಾತು ನನಗೆ ಹೊಸದಲ್ಲ. ನನ್ನ ಮಗಳು, ನಿಮ್ಮಕ್ಕನ ಮದುವೆಯಲ್ಲಿ ಅರಿಶಿನ ಕುಟ್ಟುವ ದಿನ ಐದು ಜನ ಮುತ್ತೈದೆಯರು ಒನಕೆ ಹಿಡಿದರು. ಸೋಬಾನೆ ಹೇಳಿದರು. ಆ ಅರಿಶಿನದ ಕೊಂಬನ್ನು ಸಂತೆಯಲ್ಲಿ ಆರಿಸಿ ತಂದು ಬಿಸಿಲಿಗೆ ಹಾಕಿದವಳು ನಾನು. ಮದುವೆ ಶಾಸ್ತ್ರದ ಐರಣಿ ಮಡಕೆಗೆ ಕುಂಬಾರರ ಮನೆಗೆ ಹೋಗಿ ಹೇಳಿ ಬಂದವಳೂ ನಾನೇ. ಮಡಿಲಕ್ಕಿಯ ಅಕ್ಕಿ ಹಸನು ಮಾಡಿದ್ದು, ಕೊಬ್ಬರಿ, ಬೆಲ್ಲ, ಬಳೆ ಜೋಡಿಸಿದ್ದು ಎಲ್ಲ ಈ ಬೋಳು ಕೈಯೇ. ಕೆಲಸಕ್ಕೆ ಯಾರಿಗೂ ಅದು ಅಡ್ಡ ಬರಲಿಲ್ಲ ನೋಡು. ನಿಮ್ಮಕ್ಕನ ಸಂಸಾರ ಹೇಗಿದೆ ಅಂತ ನೀನೇ ನೋಡಿದ್ದೀಯ.

ಧಾರೆ ಹೊತ್ತಿಗೆ ನಾನು ಉಗ್ರಾಣ ಸೇರಿಕೊಂಡೆ. ಯಾರೂ ಹೋಗು ಅನ್ನಲಿಲ್ಲ, ಯಾರೂ ಬಾ ಅಂತಲೂ ಕರೆಯಲಿಲ್ಲ. ಗಟ್ಟಿಮೇಳ ಕೇಳಿಸಿದಾಗ ತಾಂಬೂಲದ ತೆಂಗಿನಕಾಯಿ ಎಣಿಸುತ್ತಿದ್ದೆ. ಮಗಳ ಕತ್ತಿಗೆ ತಾಳಿ ಬಿದ್ದದ್ದನ್ನು ನಾನು ನೋಡಿದ್ದು ಆಮೇಲೆ, ಫೋಟೋದಲ್ಲಿ. ಅದೊಂದು ಮಾತ್ರ ಇವತ್ತಿಗೂ ಹೊಟ್ಟೆಯಲ್ಲಿ ಕುದಿಯುತ್ತದೆ. 2013ರಲ್ಲಿ ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ ಇಬ್ಬರು ವಿಧವೆಯರು ಅರ್ಚಕರಾಗಿ ಪೂಜೆಗೆ ನಿಂತರು ಅಂತ ಪೇಪರಿನಲ್ಲಿ ಓದಿದಾಗ, ಈ ಸುದ್ದಿ ನಿಮ್ಮಕ್ಕನ ಮದುವೆಗೆ ಮುಂಚೆ ಬಂದಿದ್ದರೆ ನಾನು ಉಗ್ರಾಣದಿಂದ ಎದ್ದು ಬರುತ್ತಿದ್ದೆನಾ ಅಂತ ಯೋಚಿಸಿದೆ. ಬರುತ್ತಿದ್ದೆ ಅಂತ ಹೇಳುವ ಧೈರ್ಯ ಈಗಲೂ ಇಲ್ಲ.

ನಿನ್ನದು ಅದಕ್ಕಿಂತ ಕಷ್ಟ. ನನ್ನನ್ನು ಊರು ದೂರ ಇಟ್ಟಿತು. ನೀನು ನಿನ್ನನ್ನೇ ದೂರ ಇಟ್ಟುಕೊಳ್ಳುತ್ತಿದ್ದೀಯ. ಹೊಟ್ಟೆಯಲ್ಲಿ ಮಗು ನಿಲ್ಲದೆ ಹೋದದ್ದು ಅಂಟುರೋಗವಾ, ಪುಟ್ಟಿ? ಕಳಸದ ನೀರಿನಲ್ಲಿ ಇಳಿದು ನಾದಿನಿಗೆ ಹತ್ತುತ್ತದಾ?

ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೂ ಕಳಸಕ್ಕೆ ನೀರು ಕಂಠದವರೆಗೆ ತುಂಬಿಸಬೇಡ, ತುಳುಕಿ ಸೀರೆಯೆಲ್ಲ ಒದ್ದೆಯಾಗುತ್ತದೆ. ಎಡಗೈ ತಳಕ್ಕೆ ಕೊಡು. ತಾಮ್ರದ್ದಾದರೆ ಭಾರ ಜಾಸ್ತಿ, ಮುಹೂರ್ತ ಮುಗಿಯುವುದರೊಳಗೆ ತೋಳು ಬಿದ್ದುಹೋಗುತ್ತದೆ. ಬೆಳಿಗ್ಗೆ ಏನಾದರೂ ತಿಂದು ನಿಲ್ಲು, ನೀನು ಮೊದಲೇ ಸೊರಗಿದ್ದೀಯ. ಆ ನೆಂಟರು ಎದುರಿಗೆ ಬಂದರೆ ಏನು ಹೇಳಬೇಕು ಅಂತ ನನಗೂ ಗೊತ್ತಾಗುತ್ತಿಲ್ಲ. ಊಟ ಆಯ್ತಾ ಅಂತ ಕೇಳಿಬಿಡು, ಸಾಕು.

ಸುಸ್ತು, ನಿಲ್ಲಕ್ಕಾಗಲ್ಲ ಅನಿಸಿದರೆ ಬೇಡ ಅನ್ನು, ಅದರಲ್ಲಿ ತಪ್ಪಿಲ್ಲ. ಈ ಹೆದರಿಕೆಗೆ ಮಾತ್ರ ಬೇಡ ಅನ್ನಬೇಡ.

ಅರಿಶಿನ ಕುಟ್ಟುವುದು ಯಾವತ್ತು ಅಂತ ತಿಳಿಸು. ಹಿಂದಿನ ದಿನವೇ ಬಸ್ಸು ಹತ್ತುತ್ತೇನೆ. ಈ ಸಲ ಉಗ್ರಾಣಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳಿ.

ನಿನ್ನ ದೊಡ್ಡಮ್ಮ